ನಿಂತಕಲ್ಲು ದ್ವೀಪಕ್ಕೆ ಹೋದ ಮಾಳವ್ವ

ಬಹಳ ಬಹಳ ಹಿಂದೆ, ಕಡಲಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಸಿರಿವಂತಿ ಎಂಬ ರಾಜ್ಯವಿತ್ತು. ಅಲ್ಲಿಂದ ಏಳು ದಿನ ದೋಣಿಯಲ್ಲಿ ಹೋದರೆ ನಿಂತಕಲ್ಲು ದ್ವೀಪ. ಯಾರೋ ಎಂದೋ ಕಟ್ಟಿದ ಊರೊಂದು ಅಲ್ಲಿ ಹಾಳುಬಿದ್ದಿತ್ತು. ಅದರ ನಡುವೆ ತಾಳೆಮರದೆತ್ತರದ ಕಲ್ಲೊಂದು ನಿಂತಿತ್ತು. ಅದನ್ನು ನೋಡಲು ಹೋದ ಪಂಡಿತರಾಗಲಿ ವ್ಯಾಪಾರಿಗಳಾಗಲಿ ಮರಳಿ ಬಂದಿರಲಿಲ್ಲ.

ಕುಂಬಾರರ ಮಾಳವ್ವನ ಅಣ್ಣ ಸಣ್ಣೀರನೂ ಹೋದ. ಅವನಿಗೆ ತಿಳಿಯದ ವಿಷಯ ಲೋಕದಲ್ಲಿ ಇರಲಿಲ್ಲ. ಹಾಗೆಂದು ಅವನೇ ಹೇಳುತ್ತಿದ್ದ. ಮೂರು ತಿಂಗಳಾದರೂ ಬರಲಿಲ್ಲ. ತಾಯಿತಂದೆ ಇಲ್ಲದ ಮಾಳವ್ವನಿಗೆ ಇದ್ದವನು ಅವನೊಬ್ಬನೇ. ಮಡಕೆ ಮಾಡುವ ತಿಗರಿ ನಿಲ್ಲಿಸಿ, ಕೈ ತೊಳೆದು ದೋಣಿ ಹತ್ತಿದಳು.

ಏಳನೆಯ ದಿನ ದ್ವೀಪ ಮುಟ್ಟಿದಾಗ ದಡದಲ್ಲಿ ಕರಾಳಜಟಿ ಎಂಬ ಮಾಟಗಾರ ಕುಳಿತಿದ್ದ. ಅವನ ಹಿಂದೆ ಕಲ್ಲಿನ ಮನುಷ್ಯರ ಸಾಲು. ಅದರ ಕೊನೆಯಲ್ಲಿದ್ದವನು ಸಣ್ಣೀರ. "ಅಣ್ಣಾ!" ಎಂದು ಮಾಳವ್ವ ಓಡಿಹೋಗಿ ಅವನ ಕಲ್ಲಿನ ಕೈ ಹಿಡಿದಳು.

"ಇಲ್ಲಿ ಸುಳ್ಳಾಡಿದವರು ಕಲ್ಲಾಗ್ತಾರೆ, ಅವರ ಆಯಸ್ಸು ನಂಗೆ ಸೇರುತ್ತೆ. ಅದು ನನ್ನ ಮಾಟ," ಎಂದ ಕರಾಳಜಟಿ. "ಮೂರು ಮಾತು ಕೇಳ್ತೀನಿ. ಮೂರಕ್ಕೂ ನಿಜ ಹೇಳಿದ್ರೆ ಅಣ್ಣನ್ನ ಕರ್ಕೊಂಡು ಹೋಗು."

"ಕೇಳಿ ಅಜ್ಜಯ್ಯ," ಎಂದಳು ಮಾಳವ್ವ.

ಮೊದಲು ಪಾಚಿಗಟ್ಟಿದ ಮಡಕೆಯೊಂದನ್ನು ತಂದಿಟ್ಟ. "ಇದು ಯಾವ ಕಾಲದ್ದು?"

ಕುಂಬಾರರು ತಟ್ಟಿ ನೋಡದೆ ಮಾತಾಡುವವರಲ್ಲ. ಮಾಳವ್ವ ಬೆರಳಿನ ಗೆಣ್ಣಿನಿಂದ ತಟ್ಟಿದಳು, ಒಳಗೆ ಮೂಗಿಟ್ಟು ಮೂಸಿದಳು. "ಈ ಬೇಸಿಗೆದು. ಮಡಕೆ ಸುಟ್ಟ ಆವಿಗೆಯ ಹೊಗೆ ವಾಸನೆ ಇನ್ನೂ ಹೋಗಿಲ್ಲ. ಪಾಚಿ ನೀವು ಮೆತ್ತಿದ್ದು."

ಎರಡನೆಯದಾಗಿ ಹೆಬ್ಬಾಗಿಲಿಗೆ ಕರೆದೊಯ್ದ. ಅಲ್ಲಿ ಕೆಂಡಗಣ್ಣಿನ ಎತ್ತೊಂದು ಕಲ್ಲಿನಂತೆ ನಿಂತಿತ್ತು. "ಇದನ್ನ ಕಡೆಸಿದ ಅರಸ ಯಾರು?"

ಮಾಳವ್ವ ಅದರ ಹೊಟ್ಟೆ ತಟ್ಟಿ ಕಿವಿಯಿಟ್ಟಳು. ಒಳಗೆ ಗುಡುಗುಡು ಎನ್ನುತ್ತಿತ್ತು. "ಯಾರೂ ಕಡೆಸಿಲ್ಲ. ಜೀವ ಇರೋ ಎತ್ತು. ಪಾಪ, ಹಸಿದಿದೆ." ಎತ್ತು ಮೈ ಕೊಡವಿಕೊಂಡು ಹುಲ್ಲು ಹುಡುಕುತ್ತ ಹೋಯಿತು.

ಮೂರನೆಯದಾಗಿ ಆ ದೊಡ್ಡ ಕಲ್ಲಿನ ಬುಡಕ್ಕೆ ಬಂದರು. "ಇದನ್ನ ನಿಲ್ಲಿಸಿದವರು ಯಾರು?"

ಎಲ್ಲರೂ ಸೋತದ್ದು ಇಲ್ಲೇ. ಪಂಡಿತರು ಸೂರ್ಯವಂಶದ ಅರಸ ಎಂದಿದ್ದರು, ವ್ಯಾಪಾರಿಗಳು ರಾಕ್ಷಸ ಎಂದಿದ್ದರು. ಸಣ್ಣೀರನಂತೂ ಹೆಸರಿನ ಜೊತೆಗೆ ನಿಲ್ಲಿಸಿದ ತಿಥಿಯನ್ನೂ ಹೇಳಿದ್ದ.

ಮಾಳವ್ವ ತಟ್ಟಿದಳು. ಕಲ್ಲು ಒಳಗೂ ಕಲ್ಲೇ. ಸುತ್ತು ಹಾಕಿದಳು, ಸವರಿದಳು. ಒಂದು ಗುರುತಿಲ್ಲ, ಒಂದು ಅಕ್ಷರವಿಲ್ಲ. ಏನಾದರೊಂದು ಹೇಳಿಬಿಡೋಣ ಎಂದು ನಾಲಿಗೆ ತುದಿಗೆ ಬಂತು. ಆದರೆ ಮಾತು ಸುಳ್ಳಾದರೆ ಅಣ್ಣನೂ ಇಲ್ಲ, ತಾನೂ ಇಲ್ಲ.

"ನಂಗೆ ಗೊತ್ತಿಲ್ಲ ಅಜ್ಜಯ್ಯ," ಎಂದಳು ಕೊನೆಗೆ. "ನಿಲ್ಲಿಸಿದವರು ಗಟ್ಟಿ ಕೆಲಸದವರು. ಅಷ್ಟೇ ಗೊತ್ತು."

ಕರಾಳಜಟಿ ಮಾಟ ಹೂಡಿದ ಮುನ್ನೂರು ವರ್ಷದಲ್ಲಿ ಗೊತ್ತಿಲ್ಲ ಎಂಬ ಮಾತನ್ನು ಅಲ್ಲಿ ಯಾರೂ ಆಡಿರಲಿಲ್ಲ. ಮಾಟಗಾರ ಗಡ್ಡ ಕೆರೆದುಕೊಂಡ. "ಇದೂ ಒಂದು ಉತ್ತರವೇ?"

"ನಿಜ ತಾನೇ? ನಾನಿನ್ನೂ ಕಲ್ಲಾಗಿಲ್ಲ. ನಿಮಗೆ ಗೊತ್ತಿದ್ರೆ ನೀವೇ ಹೇಳಿ."

ಕೇಳುವುದಷ್ಟೇ ಅವನಿಗೆ ರೂಢಿ, ಹೇಳಿ ರೂಢಿಯಿಲ್ಲ. ಆದರೆ ಕುಂಬಾರರ ಹುಡುಗಿಯ ಮುಂದೆ ಗೊತ್ತಿಲ್ಲ ಎನ್ನುವುದು ಹೇಗೆ? "ನಾನೇ ನಿಲ್ಲಿಸಿದ್ದು," ಎಂದುಬಿಟ್ಟ.

ಮಾಟಕ್ಕೆ ಒಡೆಯನ ಗುರುತಿರಲಿಲ್ಲ. ಪಾದ ಕಲ್ಲಾಯಿತು, ಸೊಂಟ ಕಲ್ಲಾಯಿತು, ಗಡ್ಡವೂ ಕಲ್ಲಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವನು ನುಂಗಿದ್ದ ಆಯಸ್ಸೆಲ್ಲ ಅವರವರಿಗೆ ಮರಳಿತು. ಅವನ ಸ್ವಂತದ್ದು ಎಂದೋ ಮುಗಿದಿದ್ದರಿಂದ ಅವನು ಕಲ್ಲಾಗಿಯೇ ಉಳಿದ.

ಸಾಲಿನಲ್ಲಿದ್ದವರೆಲ್ಲ ಕಣ್ಣುಜ್ಜಿಕೊಂಡು ಎದ್ದರು. ಸಣ್ಣೀರ ತಂಗಿಯ ಕೈ ಹಿಡಿದು ಅತ್ತ. "ನೀನು ಏನಂದೆ ಮಾಳೂ?" ಎಂದು ಕೇಳಿದ.

"ಗೊತ್ತಿಲ್ಲ ಅಂದೆ, ಅಣ್ಣ."

ಏಳು ದಿನದ ದಾರಿಯುದ್ದಕ್ಕೂ ಸಣ್ಣೀರನೇ ಹುಟ್ಟು ಹಾಕಿದ. ಎಲ್ಲರೂ ಊರು ಸೇರಿದರು, ಉಂಡು ಉಟ್ಟು ನೂರು ಕಾಲ ಬಾಳಿದರು. ಆ ಕಲ್ಲನ್ನು ನಿಲ್ಲಿಸಿದವರು ಯಾರೆಂದು ಮಕ್ಕಳು ಕೇಳಿದಾಗಲೆಲ್ಲ ಸಣ್ಣೀರ ತನ್ನ ಕಾಲನ್ನೊಮ್ಮೆ ನೋಡಿಕೊಂಡು, "ಗೊತ್ತಿಲ್ಲಪ್ಪ," ಎನ್ನುತ್ತಿದ್ದ.