ಬಾಗದ ಜೋಳದ ಸಸಿಗಳು

೧೯೯೬ರ ಫೆಬ್ರವರಿಯ ಒಂದು ಬೆಳಿಗ್ಗೆ ಶ್ರೀಲೇಖಾ ಸೊಲ್ಲಾಪುರದಿಂದ ಮೊದಲ ಬಸ್ಸಿಗೇ ಅಕ್ಕಲಕೋಟೆಗೆ, ಚಿಕ್ಕಮ್ಮ ಕಸ್ತೂರಬಾಯಿಯವರ ಮನೆಗೆ ಬಂದಳು. ಕಸ್ತೂರಬಾಯಿ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅವರ ಕೈಕೆಳಗೆ ಟೈಪಿಸ್ಟ್ ಆಗಿದ್ದ ನಾನು, ಅವರು ಬಿಡಿಸಿದ ಒಗಟುಗಳನ್ನು ಬರೆದಿಡುತ್ತ ಬಂದವನು.

“ಮೌಶಿ, ನನ್ನ ಸಸಿ ಯಾರೋ ಕೆಡಿಸ್ಯಾರ್ರಿ. ಕಸಾ ಹೊಡಿಯೋ ಗಂಗುಬಾಯಿ ಬಾಗಿಲಾ ತಗದಿಟ್ಟಾಳಂತ ಆಕಿನ್ನ ಕೆಲಸದಿಂದ ತಗದಾರ. ಆಕಿ ಅಂಥಾಕಿ ಅಲ್ರಿ.”

ಶ್ರೀಲೇಖಾ ಕಾಲೇಜಿನ ಕತ್ತಲೆ ಕೋಣೆಯಲ್ಲಿ ಬೆಳಕೇ ತಾಗದಂತೆ ಜೋಳದ ಸಸಿ ಬೆಳೆಸಿದ್ದಳು. ಬೆಳಕನ್ನು ಗುರುತಿಸುವ ಪ್ರೋಟೀನನ್ನು ಅವುಗಳಿಂದ ತೆಗೆದು ಮುಂಬೈಯ ಲೇಸರ್ ಪ್ರಯೋಗಾಲಯಕ್ಕೆ ಒಯ್ಯಬೇಕಿತ್ತು. ಬೆಳಕು ತಾಗಿದೊಡನೆ ಆ ಪ್ರೋಟೀನು ಹೇಗೆ ರೂಪ ಬದಲಿಸುತ್ತದೆಂದು, ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿನಷ್ಟು ಚಿಕ್ಕ ಮಿಂಚುಗಳಿಂದ ಅಲ್ಲಿ ಅಳೆಯುತ್ತಿದ್ದರು. ವರ್ಷವಿಡೀ ಕಾದು ಪಡೆದ ಸರದಿ ಬರುವ ಸೋಮವಾರವಿತ್ತು.

ಮಧ್ಯಾಹ್ನ ನಾವು ಸೊಲ್ಲಾಪುರದ ಆ ಕೋಣೆಯಲ್ಲಿದ್ದೆವು. ಅದರ ಕೀಲಿ ಶ್ರೀಲೇಖಾಳನ್ನು ಬಿಟ್ಟರೆ ಮೂವರ ಬಳಿ ಇತ್ತು: ಗಂಗುಬಾಯಿ, ವಿಭಾಗದ ಮುಖ್ಯಸ್ಥ ಚಂದ್ರಶೇಖರ, ಪಕ್ಕದ ಫೋಟೊ ತೊಳೆಯುವ ಕೋಣೆಯನ್ನು ನೋಡಿಕೊಳ್ಳುವ ಸಂಶೋಧಕ ಮಂದಾರ.

ಶ್ರೀಲೇಖಾ ಚೀಲದಿಂದ, ಸಸಿಗಳಿಗೆ ಅಷ್ಟಾಗಿ ತಾಗದ ಹಸಿರು ಬೆಳಕಿನ ಟಾರ್ಚ್ ತೆಗೆದಳು. ಸುರುಳಿಯಾಗಿಯೇ ಇರಬೇಕಿದ್ದ ಎಲೆಗಳು ಬಿಚ್ಚಿಕೊಂಡಿದ್ದವು. ಸಸಿಗಳು ಮಾತ್ರ ನೆಟ್ಟಗೆ ನಿಂತಿದ್ದವು.

“ಬಾಗಿಲಾ ತಗದಿದ್ರ?” ಕಸ್ತೂರಬಾಯಿ ಕೇಳಿದರು.

“ಆ ಕಡಿಗೆ ಬಾಗ್ತಿದ್ವು. ಬಿಸಿಲಿನ್ಯಾಗಿನ ನೀಲಿ ಬೆಳಕು ಬಾಗಸ್ತದರಿ. ಬರೇ ಕೆಂಪು ಬಿದ್ರ ಎಲಿ ಬಿಚ್ಚತಾವ, ಬಾಗಂಗಿಲ್ಲ.”

ಕಸ್ತೂರಬಾಯಿ ಮೇಜಿನ ಮೇಲಿದ್ದ ಅವಳ ಪ್ರಯೋಗದ ವಹಿಯನ್ನು ಹೊರಗೆ ತಂದು ಪುಟ ತಿರುವಿದರು. ಪ್ರೋಟೀನು ತೆಗೆಯಲು ಬೇಕಾದ ಉಪ್ಪಿನ ಅಳತೆ ನಲವತ್ತು ಎಂದು ನೀಲಿ ಶಾಯಿಯಲ್ಲಿತ್ತು. ಅದನ್ನು ಕೆಂಪು ಶಾಯಿಯಲ್ಲೇ ಹೊಡೆದು ಐವತ್ತು ಎಂದು ತಿದ್ದಿತ್ತು.

“ಈ ವಾರ ಮುಂಬೈಗಿ ಮತ್ತ ಯಾರರೇ ಅರ್ಜಿ ಕೊಟ್ಟಾರೇನ್ರಿ?” ಎಂದು ಚಂದ್ರಶೇಖರರ ಕೋಣೆಗೆ ಹೋಗಿ ಅವರನ್ನು ಕೇಳಿದರು. ಅವರು ಕಪಾಟಿನಿಂದ ಮಂದಾರನ ಅರ್ಜಿ ತೆಗೆದುಕೊಟ್ಟರು. ಕಸ್ತೂರಬಾಯಿ ಅದನ್ನು ಎರಡು ಸಲ ಓದಿ, ಗಂಗುಬಾಯಿಯನ್ನೂ ಸೇರಿಸಿ ಎಲ್ಲರನ್ನೂ ಅಲ್ಲಿಗೇ ಕರೆಸಿದರು. ಅವಳು ಬಾಗಿಲ ಬಳಿಯೇ ನಿಂತಳು.

“ಸಸಿ ಬಾಗಿಲ್ಲ. ಅಂದ್ರ ಬಾಗಿಲಾ ತಗದಿಟ್ಟಿಲ್ಲ, ಒಳಗ ಕೆಂಪು ದೀಪ ಹಚ್ಚ್ಯಾರ. ಕೆಂಪು ಬಲ್ಬು ಇರೂದು ಫೋಟೊ ಕೋಣ್ಯಾಗ. ವಹಿ ಹೊರಗ ತಂದ್ರ ಮಂದಿ ನೋಡ್ತಾರ, ಅದಕ್ಕ ಅಲ್ಲೇ ಕುಂತು ನಕಲು ಮಾಡ್ಯಾರ. ಕೆಂಪು ಬೆಳಕಿನ್ಯಾಗ ಕೆಂಪು ಶಾಯಿ ಕಾಣಂಗಿಲ್ಲ. ಮಂದಾರ, ನಿನ್ನ ಅರ್ಜ್ಯಾಗ ಉಪ್ಪು ಎಷ್ಟು ಬರದೀ?”

“ನಲವತ್ತು,” ಎಂದ ಮಂದಾರ. “ಎರಡು ಸಂಜಿ ಕುಂತು ಬರಕೊಂಡೆ. ಕೆಂಪು ದೀಪದಿಂದ ಫೋಟೊ ಕಾಗದಕ್ಕ ಏನೂ ಆಗಂಗಿಲ್ಲ, ಸಸಿಗೂ ಆಗಂಗಿಲ್ಲ ಅಂದ್ಕೊಂಡಿದ್ದೆರಿ. ಕೆಡಸಬೇಕಂತ ಮಾಡಿಲ್ಲ.”

“ಗಂಗುಬಾಯಿ ಮ್ಯಾಲ ತಪ್ಪು ಬಂದಾಗ ಬಾಯಿ ಮುಚಗೊಂಡಿದ್ದಿ. ಅದು ತಿಳದ ಮಾಡಿದ್ದು,” ಎಂದರು ಕಸ್ತೂರಬಾಯಿ.

ಚಂದ್ರಶೇಖರರು ಮಂದಾರನ ಅರ್ಜಿಯನ್ನು ಹರಿದು ಅಲ್ಲಿಂದಲೇ ಮುಂಬೈಗೆ ಫೋನ್ ಮಾಡಿದರು. ಶ್ರೀಲೇಖಾಳ ಸರದಿ ಹದಿನೈದು ದಿನ ಮುಂದಕ್ಕೆ ಹೋಯಿತು. ಅವಳು ಆಗಲೇ ಹೊಸ ಜೋಳ ನೆನೆಯಿಡಲು ಎದ್ದಿದ್ದಳು.

“ಗಂಗುಬಾಯಿ, ನಾಳಿಂದ ಕೆಲಸಕ್ಕ ಬಾ,” ಎಂದರು ಚಂದ್ರಶೇಖರ.

ಗಂಗುಬಾಯಿ ಕದಲಲಿಲ್ಲ. “ನಾಕು ಮಂದಿ ಮುಂದ ತಪ್ಪು ನಂದಂತ ಅಂದೀರಿ. ನಾಕು ಮಂದಿ ಮುಂದ ನಂದಲ್ಲಂತ ಅನ್ರಿ. ಆಮ್ಯಾಲ ಬರ್ತೀನಿ.”

ಚಂದ್ರಶೇಖರರು ನಮ್ಮೆಲ್ಲರ ಮುಖ ನೋಡಿದರು. ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿ, ಎದ್ದು ನಿಂತು, ಅವಳು ಕೇಳಿದಂತೆಯೇ ಹೇಳಿದರು.