ಮುಚ್ಚಬಾರದ ಬಾಗಿಲು

“ಯಾರವಳು? ಇವತ್ತು ಹೇಳಲೇಬೇಕು!”

ಕೋಣೆಗೆ ನುಗ್ಗಿದವಳ ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಹೊಲಿಗೆ ಅಂಗಡಿಯ ಕೆಲಸವನ್ನು ಅರ್ಧಕ್ಕೇ ಬಿಟ್ಟು ಅವನ ಬೆನ್ನು ಹತ್ತಿ ಬಂದಿದ್ದಳು. ನಿಶ್ಚಯವಾಗಿದ್ದ ಮದುವೆಯನ್ನು ಫೋನಿನಲ್ಲಿ ಬೇಡವೆಂದು ಹೇಳಿ ಕೈ ತೊಳೆದುಕೊಂಡವನು, ಗುರುವಾರ ಬಂತೆಂದರೆ ಕದ್ದುಮುಚ್ಚಿ ಎಲ್ಲಿಗೆ ಹೋಗುತ್ತಾನೆ? ಯಾರೋ ಇದ್ದಾಳೆ... ಇರಲೇಬೇಕು!

ಇಲ್ಲಿ ನೋಡಿದರೆ ಹೆಣ್ಣಿನ ಸುಳಿವೇ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತ ಆರೇಳು ಗಂಡಸರು. ಅವರ ನಡುವೆ, ಸೇನೆಯಿಂದ ಮರಳಿದ ಅವಳ ಹುಡುಗ. ಮುಖ ಬಿಳಿಚಿಕೊಂಡಿತ್ತು.

“ಇಲ್ಲಿ ಬೇಡ. ಆಚೆ ಹೋಗು,” ಎಂದ.

“ನಾನ್ಯಾಕೆ ಹೋಗ್ಲಿ? ಮರ್ಯಾದೆ ಹೋಗಿರೋದು ನಂದು!”

ಜಗಳ ಬೀದಿಗೆ ಕೇಳದಿರಲೆಂದು, ಬಾಗಿಲು ಮುಚ್ಚದಂತೆ ಒತ್ತಾಗಿಟ್ಟಿದ್ದ ಇಟ್ಟಿಗೆಯನ್ನು ಕಾಲಿನಿಂದ ತಳ್ಳಿದಳು.

“ಅಮ್ಮಾ, ಅದನ್ನ ಮುಟ್ಬೇಡ!”

ಹಿರಿಯರೊಬ್ಬರು ಕೂಗುವಷ್ಟರಲ್ಲಿ ಗಾಳಿಗೆ ಬಾಗಿಲು ಢಮಾರ್ ಎಂದು ಬಡಿಯಿತು.

ಮರುಕ್ಷಣ ಅವಳು ನೆಲದ ಮೇಲಿದ್ದಳು. ಅವನು ಮೈಯನ್ನೆಲ್ಲ ಅವಳಿಗೆ ಅಡ್ಡ ಹಿಡಿದು, ಎರಡೂ ಕೈಗಳಿಂದ ಅವಳ ತಲೆ ಮುಚ್ಚಿ, “ತಲೆ ಎತ್ಬೇಡ! ಎತ್ಬೇಡ!” ಎಂದು ಅರಚುತ್ತಿದ್ದ. ಕುರ್ಚಿಗಳು ಉರುಳಿದ್ದವು. ಒಬ್ಬರು ಮೇಜಿನಡಿ ಮುದುಡಿಕೊಂಡು ಅಳುತ್ತಿದ್ದರು.

ಅಯ್ಯೋ ದೇವರೇ... ಏನು ಮಾಡಿಬಿಟ್ಟೆ!

ಹಿರಿಯರು ಬಾಗಿಲು ತೆರೆದರು. ಅವನನ್ನು ಮುಟ್ಟದೆ, ದೂರದಿಂದಲೇ ಮೆಲ್ಲಗೆ ಹೇಳಿದರು. “ಬಾಗಿಲು ಕಣಪ್ಪ. ಬರೀ ಬಾಗಿಲು. ನೀನು ಊರಲ್ಲಿದ್ದೀಯ.”

ಆಮೇಲೆ ಅವಳತ್ತ ತಿರುಗಿದರು. “ನಾವೆಲ್ಲ ಯುದ್ಧ ಕಂಡು ಬಂದೋರಮ್ಮ. ಮಾತ್ರೆ ಡಾಕ್ಟರ್ ಕೊಡ್ತಾರೆ, ಮನಸ್ಸಲ್ಲಿರೋದನ್ನ ಇಲ್ಲಿ ಹೇಳ್ಕೋತೀವಿ. ಇವನು ಮಾತ್ರ ಬಂದಾಗಿನಿಂದ ಬಾಯೇ ಬಿಟ್ಟಿಲ್ಲ.”

ಅವನು ಸರಕ್ಕನೆ ದೂರ ಸರಿದು, ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡ.

“ಪೆಟ್ಟಾಯ್ತಾ?”

“ಇಲ್ಲ...”

“ಅಮ್ಮನಿಗೆ ಆಗಿತ್ತು. ಮಲಗಿದ್ದೋನನ್ನ ಎಬ್ಬಿಸೋಕೆ ಭುಜ ಮುಟ್ಟಿದ್ಲು. ನಂಗೆ ಎಚ್ಚರ ಆಗೋಷ್ಟರಲ್ಲಿ ಈ ಕೈ ಅವಳ ಕುತ್ತಿಗೆ ಮೇಲಿತ್ತು. ನಾಳೆ ಅಲ್ಲಿ ನೀನಿದ್ರೆ? ಅದಕ್ಕೇ ಬೇಡ ಅಂದೆ ಕಣೇ!”

ಅವಳಿಗೆ ಸಿಟ್ಟು ಉಕ್ಕಿತು.

“ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ? ನೀವೊಬ್ರೇ ತೀರ್ಮಾನ ಮಾಡ್ಬಿಟ್ರಾ?”

“ನಿಂಗೆ ಭಯ ಆಗಲ್ವಾ?”

“ಆಗುತ್ತೆ! ಈಗ್ಲೂ ಆಗ್ತಿದೆ. ಬೇರೆ ಕೋಣೇಲಿ ಮಲಗೋಣ. ಡಾಕ್ಟರ್ ಹೇಳಿದ ಹಾಗೆ ಕೇಳೋಣ. ಎಬ್ಬಿಸ್ಬೇಕಾದ್ರೆ ದೂರ ನಿಂತು ಕೂಗ್ತೀನಿ, ಬೀದಿಯವರೆಲ್ಲ ಎದ್ರೂ ಎದ್ಕೊಳ್ಲಿ!”

ಮೇಜಿನಡಿಯಿದ್ದವರು ಅಳುತ್ತಲೇ ನಕ್ಕುಬಿಟ್ಟರು.

“ಗುಣ ಆಗೋಕೆ ವರ್ಷಗಳೇ ಹಿಡೀಬಹುದು...”

“ಹಿಡೀಲಿ. ಆದ್ರೆ ಇಲ್ಲಿಗೆ ಬರೋದು ತಪ್ಪಿಸ್ಬಾರ್ದು, ಬಾಯಿ ಬಿಡ್ಬೇಕು. ಅಷ್ಟು ಮಾಡಿ, ನಾನಿದ್ದೀನಿ.”

ಅವನು ಕಂಕುಳಿಂದ ಕೈಗಳನ್ನು ಮೆಲ್ಲಗೆ ಹೊರತೆಗೆದ. ಹಿರಿಯರು ಏನೂ ಕೇಳಿಸದವರ ಹಾಗೆ ಕುರ್ಚಿಗಳನ್ನು ಎತ್ತಿಡುತ್ತಿದ್ದರು.

“ನಿನ್ನ ಕೈ ಹಿಡ್ಕೊಳ್ಲಾ?”

“ಇದನ್ನೂ ಕೇಳ್ಬೇಕಾ?”

“ಕೇಳ್ಬೇಕು... ಈ ಕೈಗಳ ಮೇಲೆ ನಂಗೆ ನಂಬಿಕೆ ಇಲ್ಲ.”

“ನಂಗಿದೆ ರೀ. ಬಾಂಬ್ ಬಿತ್ತು ಅಂದ್ಕೊಂಡಾಗ ನನ್ನ ತಲೆಗೆ ಅಡ್ಡ ಬಂದಿದ್ದು ಇವೇ ಅಲ್ವಾ?”