ಬೇಡ ಎನ್ನಲು ಒಂದು ಜಾಗ

ಮ್ಯಾನೇಜರ್ ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ ದಿನ ನಾನು ಅವರ ರೂಮಿಗೆ ಹೋಗಿದ್ದು ಇಸ್ತ್ರಿ ಮೇಜುಗಳ ವಿಷಯಕ್ಕೆ ಜಗಳವಾಡಲು.

ನಮ್ಮದು ಶರ್ಟು ಹೊಲಿಯುವ ಕಾರ್ಖಾನೆ. ನಾನು ಕಾಲರ್ ಲೈನಿನ ಸೂಪರ್‌ವೈಸರ್. ಬಟ್ಟೆ ಹೊತ್ತು ಓಡಾಡುವ ಸಮಯ ಉಳಿಯಲಿ ಎಂದು ಅವರು ಇಸ್ತ್ರಿ ಮೇಜುಗಳನ್ನು ತಂದು ನಮ್ಮ ಬೆನ್ನಿಗೇ ಹಾಕಿಸಿದ್ದರು. ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು. ಇತ್ತ ಹಬೆಗೆ ಹುಡುಗಿಯರ ಕೈ ಬೆವರಿ, ಬಿಳಿ ಕಾಲರಿನ ಮೇಲೆ ಬೆರಳಚ್ಚು ಬೀಳುತ್ತಿತ್ತು. ಚೆಕ್ಕಿಂಗಿನವರು ವಾಪಸ್ ಕಳಿಸುತ್ತಿದ್ದರು, ನಾವು ಒರೆಸಿ ಒರೆಸಿ ಕೊಡುತ್ತಿದ್ದೆವು.

ನಾನು ಬಾಯಿ ತೆರೆಯುವ ಮೊದಲೇ ಅವರು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಕೇಳಿಯೇಬಿಟ್ಟರು. ಕಿವಿ ಕೆಂಪಗಾಗಿತ್ತು. ಆ ಕಿವಿಯನ್ನೇ ನೋಡುತ್ತ ನಾನು ಬಂದ ಕೆಲಸ ಮರೆತೆ. ಆಮೇಲೆ ನೆನಪಾಯಿತು, ಜೊತೆಗೆ ಸಿಟ್ಟೂ.

"ಯೋಚನೆ ಮಾಡಿ ಹೇಳ್ತೀನಿ ಸಾರ್. ಮೇಜು ಯಾವಾಗ ಎತ್ತಿಸ್ತೀರಿ?"

ಕೆಟ್ಟ ಮನುಷ್ಯರಲ್ಲ. ಹಿಂದಿದ್ದವನು ನಮ್ಮನ್ನು ಚಪ್ಪಾಳೆ ತಟ್ಟಿ ಕರೆಯುತ್ತಿದ್ದ. ಇವರು ಬಂದ ಮೇಲೆ ಶನಿವಾರ ಟೀ ಹೊತ್ತಿಗೆ ಎಲ್ಲರನ್ನೂ ಕೂರಿಸಿ, ಅನಿಸಿದ್ದನ್ನು ಹೇಳಿ, ನನ್ನ ತಪ್ಪಿದ್ದರೂ ಹೇಳಿ ಎನ್ನುವ ಪದ್ಧತಿ ಇಟ್ಟರು. ನಿಜವಾದ ಮನಸ್ಸಿನಿಂದಲೇ ಇಟ್ಟರು. ಆದರೆ ಯಾರಾದರೂ ಎರಡು ಮಾತಾಡುವಷ್ಟರಲ್ಲಿ "ಒಳ್ಳೇ ಮಾತು, ಆದ್ರೆ" ಎಂದು ಶುರುಮಾಡಿ, ಅದು ಯಾಕೆ ಆಗುವುದಿಲ್ಲ ಎಂಬುದನ್ನು ನಗುನಗುತ್ತ ವಿವರಿಸುತ್ತಿದ್ದರು. ಬೈದರೆ ಎದುರಾಡಬಹುದು. ನಗುವವರ ಜೊತೆ ಹೇಗೆ ಜಗಳವಾಡುವುದು? ಬರಬರುತ್ತ ಜನ ಟೀ ಕುಡಿದು, ಎಲ್ಲ ಚೆನ್ನಾಗಿದೆ ಸಾರ್ ಎಂದು ಲೋಟ ತೊಳೆಯಲು ಎದ್ದುಹೋಗತೊಡಗಿದರು. ಹುಡುಗಿಯರು ಅವರಿಗೆ 'ಆದ್ರೆ ಸಾರ್' ಎಂದು ಹೆಸರಿಟ್ಟರು.

ಮನೆಯಲ್ಲಿ ವಿಷಯ ಹೇಳಿದೆ. ಅಕ್ಕ ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟಳು. ಭಾವ ಟಿವಿಯ ಸದ್ದು ಕಡಿಮೆ ಮಾಡಿದರು, ನ್ಯೂಸ್ ನಡೆಯುವಾಗ ಅವರು ಹಾಗೆ ಮಾಡಿದ್ದನ್ನು ನಾನು ಕಂಡೇ ಇರಲಿಲ್ಲ. ನಿನಗೆ ಇಷ್ಟ ಇಲ್ಲವಾ ಎಂದು ಅಕ್ಕ ಕೇಳಿದಳು. ಇದೆ ಎಂದೆ. ಇಷ್ಟ ಇದ್ದದ್ದಕ್ಕೇ ಇಷ್ಟೊಂದು ಸಿಟ್ಟು.

"ಮತ್ತೆ ಇದ್ರ ಮಧ್ಯೆ ಇಸ್ತ್ರಿ ಮೇಜು ಎಲ್ಲಿಂದ ಬಂತು ತಾಯಿ?"

ಉತ್ತರವನ್ನು ಅವಳಿಗೆ ಕೊಡಲಿಲ್ಲ, ಮರುದಿನ ಅವರಿಗೇ ಕೊಟ್ಟೆ. ನಾನು ನೂಲಿನ ಡಬ್ಬ ಹಿಡಿದು ಮೆಟ್ಟಿಲಿಳಿಯುತ್ತಿದ್ದೆ, ಅವರು ಹತ್ತುತ್ತಿದ್ದರು. ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತು, ನನ್ನ ಕೂದಲಿಗೆ ಅಂಟಿದ್ದ ದಾರದ ಚೂರನ್ನು ನೋಡಿದರು. ತೆಗೆಯಲು ಕೈ ಎತ್ತಿ, ಅರ್ಧದಲ್ಲೇ ಇಳಿಸಿದರು. ಆ ಕೈ ಇಳಿದಾಗ ನನಗೆ ಬೇಸರವಾಯಿತು. ಬೇಸರವಾಯಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

"ಸಾರ್, ಮೇಜಿನ ವಿಷಯಕ್ಕೆ ನಾನು ಎಷ್ಟು ಸಲ ಬೇಡ ಅಂದ್ರೂ ನಿಮ್ಮ ಕಿವಿಗೇ ಬೀಳಲ್ಲ. ನಾಳೆ ನಾನು ಹೂಂ ಅಂದ್ರೆ, ಅದು ಮನಸಾರೆ ಅಂದಿದ್ದೋ, ಮೇಲಿನವರು ಕೇಳಿದ್ರು ಅಂತ ಅಂದಿದ್ದೋ, ಹೇಗೆ ಗೊತ್ತಾಗುತ್ತೆ? ನಿಮಗೆ ಬಿಡಿ, ನನಗೇ?"

ಅವರ ಬಾಯಿ ತೆರೆಯಿತು. ಯಾವ ಮಾತು ಬರಲಿದೆ ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಾಗಿರಬೇಕು, ನುಂಗಿಕೊಂಡು ಮೇಲೆ ಹೋದರು.

ಆ ಶನಿವಾರ ಅವರು ಕುರ್ಚಿಯಲ್ಲಿ ಕೂರದೆ ಎಲ್ಲರ ಹಿಂದೆ, ಗೋಡೆಯ ಪಕ್ಕ ನಿಂತರು. ಮೇಜುಗಳನ್ನು ಎಲ್ಲಿಡಬೇಕೆಂದು ನೀವೇ ತೀರ್ಮಾನಿಸಿ, ಅಲ್ಲಿಯವರೆಗೆ ನಾನು ಮಾತಾಡುವುದಿಲ್ಲ, ಇವತ್ತೇ ಹಾಗೆ ಮಾಡಿಸುತ್ತೇನೆ, ಮಾಲೀಕರಿಗೆ ಉತ್ತರ ಕೊಡುವುದು ನನ್ನ ಪಾಡು ಎಂದರು. ಯಾರೂ ನಂಬಲಿಲ್ಲ. ಟೀ ಆರತೊಡಗಿತು. ಕಡೆಗೆ ನಾನೇ ಎದ್ದು, ಮೊದಲಿದ್ದ ಹಾಗೆ ಕಿಟಕಿಯ ಪಕ್ಕಕ್ಕೆ ಹೋಗಲಿ ಎಂದೆ. ತಲೆಗಳು ಅಲ್ಲಾಡಿದವು. ಮುಗಿಯಿತು ಎಂದುಕೊಂಡೆ.

ಇಸ್ತ್ರಿಯವರಲ್ಲೆಲ್ಲ ಹಿರಿಯರಾದ ಅಣ್ಣ ಕೆಮ್ಮಿದರು. "ಕಿಟಕಿ ಬೇಡಮ್ಮ. ಹಿಂದೆ ಬಿಸಿಲು, ಮುಂದೆ ಹಬೆ, ಅಲ್ಲಿ ಬೆಂದಿದ್ದು ನಾವು. ಹಿಂಬಾಗಿಲ ಹತ್ರ ಗಾಳಿ ಇದೆ ಅಂತ ನಿಮಗೊಂದ್ಸಲ ಹೇಳಿದ್ದೆ. ನೋಡೋಣ ಅಂದಿದ್ರಿ."

ಹಿಂಬಾಗಿಲು ದೂರ. ನನ್ನ ಹುಡುಗಿಯರು ಬಂಡಲ್ ಹೊತ್ತು ಅಷ್ಟು ದೂರ ನಡೆಯಬೇಕು. "ನೀವು ಹೇಳೋದು ಸರಿ ಅಣ್ಣ, ಆದ್ರೆ" ಎಂದವಳು ಅಲ್ಲೇ ನಾಲಿಗೆ ಕಚ್ಚಿಕೊಂಡೆ.

ಗುಂಡಿ ಹಾಕುವ ಹುಡುಗಿ ಫಕ್ಕನೆ ನಕ್ಕಳು. ಹಿಂದೆಯೇ ಇಡೀ ಲೈನು ನಕ್ಕಿತು. ಗೋಡೆಯ ಪಕ್ಕದ ಮನುಷ್ಯ ಮಾತ್ರ ನಗಲಿಲ್ಲ. ಕಣ್ಣಂಚಿನಲ್ಲಿ ಏನೋ ಹೊಳೆಯಿತು, ಕನ್ನಡಕ ಸರಿಮಾಡುವ ನೆಪದಲ್ಲಿ ಅದನ್ನೂ ಮುಚ್ಚಿಟ್ಟರು. ನನ್ನ ಮುಖ ಕಾದುಹೋಗಿತ್ತು. ಅವರ ಮೇಲೆ ಇಷ್ಟು ದಿನ ಹರಿಹಾಯುತ್ತಿದ್ದ ನಾನೂ ಯಾರಿಗೋ ಮೇಲಿನವಳೇ ಎಂಬುದು ನನ್ನ ತಲೆಗೆ ಬಂದೇ ಇರಲಿಲ್ಲ.

ಆಮೇಲೆ ಬಾಯಿಗಳು ಬಿಚ್ಚಿಕೊಂಡವು. ಕೂಗಾಡಿದರು, ಒಬ್ಬರ ಮಾತನ್ನೊಬ್ಬರು ಕತ್ತರಿಸಿದರು, ಹಳೆಯ ಸಿಟ್ಟುಗಳೂ ಹೊರಬಂದವು. ಕೊನೆಗೆ ಮೇಜು ಹಿಂಬಾಗಿಲಿಗೆ, ಬಂಡಲ್ ಸಾಗಿಸಲು ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದ ತಳ್ಳುಗಾಡಿ ಎಂದಾಯಿತು. ಅದು ಸಾರ್ ಹೇಳಿದ್ದೂ ಅಲ್ಲ, ನಾನು ಹೇಳಿದ್ದೂ ಅಲ್ಲ. ಅವರು ಅಂಗಿಯ ತೋಳು ಮಡಚಿದರು, ಅಷ್ಟೇ.

ಒಂದು ಮೇಜಿನ ಆ ತುದಿಗೆ ಅವರು ಬಂದರು, ಈ ತುದಿಗೆ ನಾನು. ಮಿಕ್ಕವರು ಮುಂದೆ ಹೋಗಿದ್ದರು.

"ಮದುವೆಗೆ ನಾನು ಬೇಡ ಅಂದಿದ್ರೆ ಏನು ಮಾಡ್ತಿದ್ರಿ?"

"ತುಂಬಾ ಬೇಜಾರಾಗ್ತಿತ್ತು. ಊಟ ಸೇರ್ತಿರ್ಲಿಲ್ಲ. ನಿಮ್ಮ ಲೈನಿಗೆ ಏನೂ ಬದಲಾಗ್ತಿರ್ಲಿಲ್ಲ, ಅದೇ ಟಾರ್ಗೆಟ್ಟು, ಅದೇ ಮೆಷಿನ್ನು. ಶನಿವಾರ ಬಂದು ನಿಮ್ಮ ಹತ್ರ ಮತ್ತೆ ಬೈಸ್ಕೊಳ್ತಿದ್ದೆ."

ನಾನು ನನ್ನ ಕಡೆಯ ತುದಿ ಎತ್ತಿದೆ, ಅವರೂ ಎತ್ತಿದರು.

"ಹಾಗಾದ್ರೆ ಹೂಂ," ಎಂದೆ.

ಅವರು ಮೇಜು ಹಿಡಿದುಕೊಂಡೇ ನಿಂತುಬಿಟ್ಟರು. ಮುಂದೆಯೂ ಹೋಗಲಿಲ್ಲ, ಕೆಳಗೂ ಇಡಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ನಿಂತ್ಕೊಂಡ್ರೆ ಹೇಗೆ? ಕೈ ಸೋಲ್ತಿದೆ, ನಡೀರಿ."

ನಡೆದರು.